ಉಪ್ಪು ಮರೆತ ಶನಿವಾರ

ಅಂಗಡಿಯಲ್ಲಿ ಒಂದೂಮುಕ್ಕಾಲು ಗಂಟೆ ಕಳೆದು, ಎರಡೂ ಕೈಯಲ್ಲಿ ಚೀಲ ಹಿಡಿದು, ಬೆರಳುಗಳ ಮೇಲೆ ಕೆಂಪು ಗೆರೆ ಮೂಡಿಸಿಕೊಂಡು ಮನೆಗೆ ಬಂದೆ. ಅಮ್ಮ ಒಂದೊಂದೇ ಚೀಲ ಬಿಚ್ಚಿ ಸಾಮಾನು ತೆಗೆದಿಟ್ಟರು. ಎಲ್ಲ ತೆಗೆದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಒಮ್ಮೆ ಕೊಡವಿದರು.

"ಉಪ್ಪು ಎಲ್ಲೋ?"

ನಾನು ಹೋಗಿದ್ದೇ ಉಪ್ಪಿಗೆ. ಉಪ್ಪು ಮುಗಿದಿದೆ, ಹೇಗೂ ಶನಿವಾರ, ವಾರದ ಸಾಮಾನೂ ತಂದುಬಿಡೋಣ ಅಂತ ಹೊರಟವನು. ವಾರದ ಸಾಮಾನು ಬಂದಿತ್ತು. ಪಟ್ಟಿಯಲ್ಲಿ ಇಲ್ಲದ ಏಳು ವಸ್ತುಗಳೂ ಬಂದಿದ್ದವು. ಉಪ್ಪು ಮಾತ್ರ ಬಂದಿರಲಿಲ್ಲ. ಅಮ್ಮ ಬೈಯಲಿಲ್ಲ. "ಹೋಗಲಿ ಬಿಡು, ಪಕ್ಕದ ಮನೇಲಿ ಒಂದು ಬಟ್ಟಲು ಕೇಳ್ತೀನಿ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ವಾರಾಂತ್ಯದ ಅಂಗಡಿಯ ಗೋಳು ಹೇಳಿಕೊಳ್ಳದವರು ಯಾರಿದ್ದಾರೆ? ನಾನೂ ಹೇಳಿಕೊಳ್ಳುತ್ತಲೇ ಬಂದವನು. ಗೋಳು ಬಾಗಿಲಲ್ಲೇ ಶುರು. ಸಾಲಾಗಿ ನಿಲ್ಲಿಸಿದ್ದ ಟ್ರಾಲಿಗಳಲ್ಲಿ ಒಂದೇ ಒಂದು ಉಳಿದಿರುತ್ತದೆ, ಅದರ ಮುಂದಿನ ಎಡಚಕ್ರಕ್ಕೆ ತನ್ನದೇ ಹಟ. ನಾನು ನೇರ ತಳ್ಳಿದರೆ ಅದು ಬಿಸ್ಕತ್ತಿನ ಕಡೆ ಎಳೆಯುತ್ತದೆ. ಒಳಗೆ ಹೋದರೆ ಎರಡು ಶೆಲ್ಫುಗಳ ನಡುವಿನ ಓಣಿಯಲ್ಲಿ ಒಂದು ಪೂರ್ತಿ ಸಂಸಾರ ಅಡ್ಡ ನಿಂತಿರುತ್ತದೆ. ಗಂಡ ಫೋನಿನಲ್ಲಿ. ಹೆಂಡತಿ ಎರಡು ಸೋಪನ್ನು ಎರಡು ಕೈಯಲ್ಲಿ ಹಿಡಿದು ಯೋಚನೆಯಲ್ಲಿ. ಮಗು ಕೆಳಗಿನ ಸಾಲಿನ ಡಬ್ಬಗಳನ್ನು ಒಂದೊಂದಾಗಿ ಉರುಳಿಸುವ ಕೆಲಸದಲ್ಲಿ. "ಸ್ವಲ್ಪ ಜಾಗ ಬಿಡ್ತೀರಾ" ಅಂದರೆ ಮೂವರೂ ಒಟ್ಟಿಗೆ ಸರಿಯುತ್ತಾರೆ, ನಾನು ಹೋಗಬೇಕಾದ ಕಡೆಗೇ.

ಬೇಕಾದ ವಸ್ತುವಿನ ಜಾಗದಲ್ಲಿ ದರದ ಚೀಟಿ ಮಾತ್ರ ಇರುತ್ತದೆ. ಕೇಳಿದರೆ, "ಕಂಪ್ಯೂಟರ್‌ನಲ್ಲಿ ಮೂರು ಇದೆ ಅಂತ ತೋರಿಸ್ತಿದೆಯಲ್ಲ ಸರ್" ಅಂತ ಆ ಹುಡುಗನೂ ನನ್ನಷ್ಟೇ ಆಶ್ಚರ್ಯಪಡುತ್ತಾನೆ. ಆ ಮೂರೂ ಯಾರದೋ ಟ್ರಾಲಿಯಲ್ಲಿ ಕೂತು ಅಂಗಡಿ ಸುತ್ತುತ್ತಿರಬಹುದು. ಬಿಲ್ ಆಗುವವರೆಗೂ ಕಂಪ್ಯೂಟರ್ ಲೆಕ್ಕದಲ್ಲಿ ಅವು ಶೆಲ್ಫಿನ ಮೇಲೇ ಇರುತ್ತವೆ. ಜನ ಜಾಸ್ತಿ ಇದ್ದಷ್ಟೂ ಈ ಕಾಣದ ಸಾಮಾನು ಜಾಸ್ತಿ. ಕೊನೆಗೆ ಬಿಲ್ಲಿಂಗ್ ಕೌಂಟರ್. ಐದು ಕೌಂಟರ್ ಇದ್ದು ಮೂರು ತೆರೆದಿರುತ್ತವೆ. ನಾನು ನಿಂತ ಸಾಲಿನಲ್ಲಿ, ಎಲ್ಲ ಬಿಲ್ ಆದ ಮೇಲೆ ಮುಂದಿನವರಿಗೆ ಏನೋ ನೆನಪಾಗುತ್ತದೆ. "ಒಂದೇ ನಿಮಿಷ ಬಂದೆ" ಅಂತ ಒಳಗೆ ಓಡುತ್ತಾರೆ. ಆ ಒಂದು ನಿಮಿಷ ಎಷ್ಟು ಉದ್ದ ಅಂತ ಹಿಂದೆ ನಿಂತವರಿಗೇ ಗೊತ್ತು.

ಇಷ್ಟೆಲ್ಲ ಗೊಣಗುತ್ತಿದ್ದವನಿಗೆ ಉಪ್ಪಿನ ದಿನ ಸಿಟ್ಟು ತನ್ನ ಮೇಲೇ ತಿರುಗಿತು. ಜನ ಅಡ್ಡ ಬಂದದ್ದಕ್ಕೂ ಉಪ್ಪು ಮರೆತದ್ದಕ್ಕೂ ಏನು ಸಂಬಂಧ?

ಮುಂದಿನ ಶನಿವಾರದಿಂದ ಸುಮ್ನೆ ಸಮಯ ಬರೆದಿಡತೊಡಗಿದೆ. ಒಳಗೆ ಹೋದದ್ದು ಎಷ್ಟು ಹೊತ್ತಿಗೆ, ಕೌಂಟರಿನ ಸಾಲಿಗೆ ಸೇರಿದ್ದು ಎಷ್ಟು ಹೊತ್ತಿಗೆ, ಹೊರಗೆ ಬಂದದ್ದು ಎಷ್ಟು ಹೊತ್ತಿಗೆ. ಫೋನಿನಲ್ಲಿ ಮೂರೇ ಅಂಕಿ. ನಾಲ್ಕು ವಾರ ಹೀಗೆ ಬರೆದೆ. ಸಾಲಿನಲ್ಲಿ ನಿಲ್ಲುವುದೇ ನನ್ನ ದೊಡ್ಡ ನಷ್ಟ ಅಂದುಕೊಂಡಿದ್ದೆ. ಅಲ್ಲ. ನಾಲ್ಕು ವಾರದಲ್ಲೂ ಸಾಲಿನಲ್ಲಿ ನಿಂತದ್ದು ಒಟ್ಟು ಹೊತ್ತಿನ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಮಿಕ್ಕದ್ದೆಲ್ಲ ಓಡಾಟ. ಅದರಲ್ಲೂ ಬಹಳಷ್ಟು ಹಿಂದಕ್ಕೆ ಓಡಾಟ. ಮೊದಲ ಓಣಿಯಲ್ಲಿ ಬಿಟ್ಟದ್ದು ಕೊನೆಯ ಓಣಿಯಲ್ಲಿ ನೆನಪಾಗಿ, ಹಟಮಾರಿ ಟ್ರಾಲಿಯನ್ನು ಜನರ ನಡುವೆ ತಿರುಗಿಸಿಕೊಂಡು ವಾಪಸು ಹೋಗುವುದು. ಬೇರೆಯವರ ದಾರಿಗೆ ಅಡ್ಡ ನಿಂತವರ ಲೆಕ್ಕದಲ್ಲಿ ನಾನೂ ಇದ್ದೆ ಅನ್ನುವುದು ಆಗಲೇ ಗೊತ್ತಾದದ್ದು.

ಈ ಓಡಾಟ ನಮ್ಮ ತಲೆಗೆ ಬಂದದ್ದು ಅಂಥ ಹಳೆಯ ಕಾಲದಲ್ಲೇನೂ ಅಲ್ಲ. ಮೊದಲೆಲ್ಲ ಅಂಗಡಿಯಲ್ಲಿ ಕಟ್ಟೆಯ ಈಚೆ ನಿಂತು ಬೇಕಾದ್ದು ಹೇಳಬೇಕು, ಆಚೆ ಇರುವವನು ತೆಗೆದು, ತೂಗಿ, ಕಟ್ಟಿಕೊಡಬೇಕು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಅನ್ನುವ ಅಂಗಡಿ ತೆರೆದು ಈ ಪದ್ಧತಿಯನ್ನು ಉಲ್ಟಾ ಮಾಡಿದ. ಗಿರಾಕಿಯೇ ಬುಟ್ಟಿ ಹಿಡಿದು ಒಳಗೆ ಹೋಗಿ, ತಾನೇ ಆರಿಸಿಕೊಂಡು, ಕೊನೆಗೆ ಹಣ ಕೊಟ್ಟು ಹೊರಗೆ ಬರಬೇಕು. ಅವನ ಅಂಗಡಿಯಲ್ಲಿ ಓಣಿಗಳು ಹಾವಿನ ಹಾಗೆ ಸುತ್ತಿ ಸುತ್ತಿ ಒಂದೇ ದಾರಿಯಾಗಿದ್ದವು. ಒಂದು ಕಡೆ ಒಳಗೆ ಹೋದರೆ ಎಲ್ಲ ಶೆಲ್ಫಿನ ಮುಂದೆಯೂ ಹಾದು ಇನ್ನೊಂದು ಕಡೆ ಹೊರಗೆ ಬರಬೇಕು. ಅಂಗಡಿಯವನ ಕೆಲಸ ಅರ್ಧ ಉಳಿಯಿತು, ಆ ಅರ್ಧ ನಮಗೆ ಬಂತು. ಕೆಲಸ ಬಂತೇ ಹೊರತು ಆಚೆ ಇದ್ದವನಿಗೆ ಗೊತ್ತಿದ್ದ ಜಾಗದ ಲೆಕ್ಕ ನಮಗೆ ಬರಲಿಲ್ಲ. ಯಾವುದರ ಪಕ್ಕ ಯಾವುದು ಅನ್ನುವುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ನಾವು ಪ್ರತಿ ವಾರ ಹೊಸದಾಗಿ ಹುಡುಕುತ್ತೇವೆ.

ಟ್ರಾಲಿ ಬಂದದ್ದು ಇನ್ನೂ ಆಮೇಲೆ, 1937ರಲ್ಲಿ. ಒಕ್ಲಹಾಮಾ ನಗರದ ಅಂಗಡಿಯೊಂದರ ಮಾಲೀಕ ಸಿಲ್ವನ್ ಗೋಲ್ಡ್‌ಮನ್, ಮಡಚುವ ಕುರ್ಚಿ ನೋಡಿ ಅದಕ್ಕೆ ಚಕ್ರ ಮತ್ತು ಬುಟ್ಟಿ ಹಾಕಿದರೆ ಹೇಗೆ ಅಂತ ಯೋಚಿಸಿದ. ಬುಟ್ಟಿ ಭಾರವಾದರೆ ಜನ ಕೊಳ್ಳುವುದು ನಿಲ್ಲಿಸುತ್ತಾರೆ ಅನ್ನುವುದು ಅವನ ಚಿಂತೆ. ಮೊದಮೊದಲು ಯಾರೂ ಮುಟ್ಟಲಿಲ್ಲವಂತೆ. ಕೊನೆಗೆ ಸುಮ್ಮನೆ ಟ್ರಾಲಿ ತಳ್ಳುತ್ತಾ ಓಡಾಡಲು ಅವನೇ ಬಾಡಿಗೆಯ ಜನರನ್ನು ನೇಮಿಸಿದನಂತೆ. ನನಗೆ ಇದರಿಂದ ಒಂದು ಉಪಯೋಗ ಆಯಿತು. ಭಾರ ಅನ್ನಿಸಿದರೆ ಕೈ ನಿಲ್ಲುತ್ತದೆ ಅಲ್ವಾ? ಹಾಗಾಗಿ ವಾರದ ಮಧ್ಯದ ಸಣ್ಣ ಖರೀದಿಗೆ ಟ್ರಾಲಿಯನ್ನು ಮುಟ್ಟುವುದೇ ಬಿಟ್ಟೆ. ಕೈಬುಟ್ಟಿ ಮಾತ್ರ. ಪಟ್ಟಿಯಲ್ಲಿ ಇಲ್ಲದ್ದು ತಾನಾಗೇ ಕಡಿಮೆಯಾಯಿತು.

ಪಟ್ಟಿಯ ಕಥೆಗೆ ಬರುತ್ತೇನೆ. ಮೊದಲು ಫೋನಿನಲ್ಲಿ ಬರೆದೆ. ಒಂದು ಕೈಯಲ್ಲಿ ಟ್ರಾಲಿ, ಇನ್ನೊಂದು ಕೈಯಲ್ಲಿ ಫೋನು. ಪ್ರತಿ ಸಲ ಪರದೆ ಆರಿಹೋಗುತ್ತದೆ, ಮತ್ತೆ ತೆರೆದರೆ ಯಾರದೋ ಮೆಸೇಜು. ಅದಕ್ಕೆ ಉತ್ತರ ಕೊಡುತ್ತಾ ಓಣಿಯ ನಡುವೆ ನಿಂತೆ. ಹಿಂದಿನಿಂದ ಯಾರೋ "ಸ್ವಲ್ಪ ಜಾಗ ಬಿಡ್ತೀರಾ" ಅಂದರು. ಅಲ್ಲಿಗೆ ಫೋನಿನ ಪಟ್ಟಿ ಮುಗಿಯಿತು.

ಕಾಗದಕ್ಕೆ ಬಂದೆ. ಆದರೆ ಮೊದಲಿನ ಹಾಗೆ ನೆನಪಾದಂತೆ ಬರೆಯಲಿಲ್ಲ. ಜನ ಇಲ್ಲದ ಒಂದು ಸಂಜೆ ಹೋಗಿ, ಬಾಗಿಲಿನಿಂದ ಕೌಂಟರಿನವರೆಗೆ ನಡೆದು, ಓಣಿಗಳನ್ನು ಕ್ರಮವಾಗಿ ಬರೆದುಕೊಂಡೆ. ಎಡಕ್ಕೆ ಏನು, ಬಲಕ್ಕೆ ಏನು. ಹಾಲು ಕಟ್ಟಕಡೆಯ ಗೋಡೆಗೆ. ಬಹಳ ಅಂಗಡಿಗಳಲ್ಲಿ ಹೀಗೇ. ಗೋಡೆಯ ಹಿಂದೆಯೇ ತಣ್ಣನೆಯ ಉಗ್ರಾಣ ಇರುತ್ತದೆ, ಅಲ್ಲಿಂದಲೇ ತುಂಬುವುದು ಸುಲಭ. ಅಲ್ಲದೆ ಹಾಲಿಗೆ ಬಂದವರು ಪೂರ್ತಿ ಅಂಗಡಿ ದಾಟಬೇಕು, ದಾಟುವಾಗ ಇನ್ನೇನಾದರೂ ಕಣ್ಣಿಗೆ ಬೀಳಬೇಕು. ಎರಡು ಕಾರಣಗಳೂ ಅಂಗಡಿಯವರಿಗೆ ಅನುಕೂಲ. ಕಣ್ಣಿನ ಮಟ್ಟದ ಸಾಲೂ ಹೀಗೇ. ಜಾಸ್ತಿ ಮಾರಬೇಕಾದ್ದು ಅಲ್ಲಿ, ಕಡಿಮೆ ದರದ್ದು ಎಷ್ಟೋ ಸಲ ಮೊಣಕಾಲಿನ ಕೆಳಗೆ. ಜನ ನುಗ್ಗುವ ಹೊತ್ತಿನಲ್ಲಿ ಬಗ್ಗಿ ನೋಡುವ ತಾಳ್ಮೆ ಯಾರಿಗಿರುತ್ತದೆ? ನನಗಂತೂ ಇರಲಿಲ್ಲ. ಉಪ್ಪು ಎಲ್ಲಿತ್ತು ಗೊತ್ತಾ? ಕೆಳಗಿನ ಸಾಲಿನಲ್ಲಿ, ಮೂಲೆಯಲ್ಲಿ. ಎಲ್ಲರಿಗೂ ಬೇಕೇ ಬೇಕಾದದ್ದು, ಹುಡುಕಿಕೊಂಡಾದರೂ ಬರುತ್ತಾರೆ ಅನ್ನುವ ನಂಬಿಕೆ ಇರಬೇಕು.

ಈಗ ಪಟ್ಟಿಯ ಕಾಗದವನ್ನು ಉದ್ದಕ್ಕೆ ಮಡಚಿ, ಓಣಿಗೊಂದು ಗೆರೆ ಹಾಕಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಪಕ್ಕದಲ್ಲೇ ದಾರ ಕಟ್ಟಿದ ಪೆನ್ನು ತೂಗುಹಾಕಿದ್ದೇನೆ. ದಾರ ಬಹಳ ಮುಖ್ಯ. ದಾರ ಇಲ್ಲದ ಪೆನ್ನು ಎರಡು ದಿನ ಬಾಳಲಿಲ್ಲ. ವಸ್ತು ಮುಗಿದಾಗ ಬರೆಯುವುದಲ್ಲ, ಕೊನೆಯ ಪೊಟ್ಟಣ ಒಡೆದಾಗ ಬರೆಯಬೇಕು. ಅಷ್ಟೇ ಕಟ್ಟಳೆ. ಅಮ್ಮ ಎರಡು ವಾರ ಇದನ್ನು ಪೂರಾ ಕಡೆಗಣಿಸಿದರು. ಮೂರನೆಯ ವಾರ ಸಕ್ಕರೆ ಅಂತ ಬರೆದರು, ಸೋಪಿನ ಗೆರೆಯಲ್ಲಿ.

ಇನ್ನೊಂದು ಸಣ್ಣ ಬದಲಾವಣೆ. ಇದರಿಂದ ಆದಷ್ಟು ಲಾಭ ಬೇರೆ ಯಾವುದರಿಂದಲೂ ಆಗಲಿಲ್ಲ. ಟ್ರಾಲಿಯನ್ನು ಓಣಿಯ ಒಳಗೆ ಒಯ್ಯುವುದಿಲ್ಲ. ಓಣಿಯ ತುದಿಯಲ್ಲಿ, ಯಾರಿಗೂ ಅಡ್ಡ ಆಗದ ಕಡೆ ನಿಲ್ಲಿಸುತ್ತೇನೆ. ಬರಿಗೈಯಲ್ಲಿ ಒಳಗೆ ಹೋಗಿ, ಎರಡು ಮೂರು ವಸ್ತು ಎತ್ತಿಕೊಂಡು ಬಂದು ಹಾಕುತ್ತೇನೆ. ಟ್ರಾಲಿ ಇಲ್ಲದ ಮನುಷ್ಯ ಎಂಥ ಸಂದಿಯಲ್ಲಾದರೂ ನುಸುಳುತ್ತಾನೆ. ಒಂದು ಸಲ ಮಾತ್ರ ಬೇರೆ ಯಾರೋ ನನ್ನ ಟ್ರಾಲಿಯನ್ನು ತಮ್ಮದೆಂದು ತಳ್ಳಿಕೊಂಡು ಹೋದರು. ಹಿಡಿದು ನೋಡಿದರೆ ಅದಕ್ಕೆ ಅವರು ಆಗಲೇ ನಾಲ್ಕು ವಸ್ತು ಹಾಕಿದ್ದರು. ಇಬ್ಬರೂ ನಕ್ಕು ಬೇರೆ ಬೇರೆ ಮಾಡಿಕೊಂಡೆವು. ಅಂದಿನಿಂದ ಹಿಡಿಗೆ ಒಂದು ಹಳೆಯ ಕರವಸ್ತ್ರ ಕಟ್ಟುತ್ತೇನೆ.

ಓಡಾಟ ಹೀಗೆ ಅರ್ಧಕ್ಕೆ ಇಳಿಯಿತು. ಸಾಲು ಉಳಿಯಿತು.

ಸಾಲಿನ ಲೆಕ್ಕ ಬಿಡಿಸಿದವರಲ್ಲಿ ಮೊದಲಿಗ ಡೆನ್ಮಾರ್ಕಿನ ಎರ್ಲಾಂಗ್. ಅವನು ಅಂಗಡಿಯವನಲ್ಲ, ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿ ಇದ್ದವನು. ಎಷ್ಟು ಕರೆ ಬಂದರೆ ಎಷ್ಟು ತಂತಿ ಬೇಕು ಅನ್ನುವುದು ಅವನ ಮುಂದಿದ್ದ ಪ್ರಶ್ನೆ. 1909ರಲ್ಲಿ ಅದರ ಮೇಲೆ ಅವನ ಮೊದಲ ಬರಹ ಬಂತು. ಅಲ್ಲಿಂದ ಬೆಳೆದ ಲೆಕ್ಕದಲ್ಲಿ ಒಂದು ಮಾತು ನನಗೆ ಕಣ್ಣು ತೆರೆಸಿತು. ಒಂದೇ ಕೌಂಟರ್ ಇದೆ ಅಂದುಕೊಳ್ಳಿ. ಒಬ್ಬರ ಬಿಲ್ಲಿಗೆ ಸರಾಸರಿ ಒಂದು ನಿಮಿಷ, ಅಂದರೆ ಗಂಟೆಗೆ 60 ಜನ. ಜನ ಗಡಿಯಾರ ನೋಡಿಕೊಂಡು ನಿಮಿಷಕ್ಕೊಬ್ಬರಂತೆ ಬರುವುದಿಲ್ಲ, ಒಮ್ಮೆ ಗುಂಪಾಗಿ, ಒಮ್ಮೆ ಯಾರೂ ಇಲ್ಲದೆ, ಮನಸ್ಸಿಗೆ ಬಂದಂತೆ ಬರುತ್ತಾರೆ. ಕೆಲವರ ಬಿಲ್ ಬೇಗ ಆಗುತ್ತದೆ, ಕೆಲವರದು ತಡ. ಈ ಬಗೆಯ ಅತಿ ಸರಳ ಲೆಕ್ಕದಲ್ಲಿ ಗಂಟೆಗೆ 30 ಜನ ಬಂದರೆ ಸಾಲಿನಲ್ಲಿ ಸರಾಸರಿ 1 ನಿಮಿಷ ಕಾಯಬೇಕು. 48 ಜನ ಬಂದರೆ 4 ನಿಮಿಷ. 54 ಜನ ಬಂದರೆ 9 ನಿಮಿಷ. 57 ಜನ ಬಂದರೆ 19 ನಿಮಿಷ.

ಕೊನೆಯ ಎರಡನ್ನು ಇನ್ನೊಮ್ಮೆ ನೋಡಿ. ಗಂಟೆಗೆ ಬರೀ ಮೂರು ಜನ ಜಾಸ್ತಿ, ಕಾಯುವ ಹೊತ್ತು ಎರಡು ಪಟ್ಟಿಗಿಂತ ಹೆಚ್ಚು. ಅಂಗಡಿ ಹೆಚ್ಚು ಕಡಿಮೆ ತುಂಬಿದೆ ಅನ್ನುವುದಕ್ಕೂ ತುಂಬಿ ತುಳುಕುತ್ತಿದೆ ಅನ್ನುವುದಕ್ಕೂ ನಡುವೆ ಇರುವುದು ನಾಲ್ಕಾರು ಜನ. ಶನಿವಾರ ಸಂಜೆ ಬಿಟ್ಟು ಬುಧವಾರ ಹೋಗಬೇಕು ಅಂತಿಲ್ಲ, ಅರ್ಧ ಗಂಟೆ ಆಚೆ ಈಚೆ ಸರಿದರೂ ಸಾಕು.

ಯಾವ ಕಡೆ ಸರಿಯುವುದು ಅಂತ ಕಂಡುಕೊಳ್ಳಲು ನನಗೆ ಒಂದೂವರೆ ತಿಂಗಳು ಬೇಕಾಯಿತು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋದೆ. ಜನ ಇಲ್ಲ, ನಿಜ. ಆದರೆ ಓಣಿಯ ತುಂಬ ಬಿಚ್ಚದ ಪೆಟ್ಟಿಗೆಗಳು, ಅರ್ಧ ತುಂಬಿದ ಶೆಲ್ಫುಗಳು, ಏಣಿ ಹತ್ತಿದ ಹುಡುಗರು. ಮುಚ್ಚುವ ಹೊತ್ತಿಗೆ ಹೋದೆ. ತರಕಾರಿಯ ತಟ್ಟೆಯಲ್ಲಿ ದಿನವಿಡೀ ನೂರು ಕೈ ಒತ್ತಿ ನೋಡಿ ಬಿಟ್ಟದ್ದು ಮಾತ್ರ ಉಳಿದಿತ್ತು. ಮೇಲಾಗಿ ಕಣ್ಣಲ್ಲಿ ನಿದ್ದೆ ತುಂಬಿದ್ದ ಬಿಲ್ಲಿಂಗ್ ಹುಡುಗಿಯನ್ನು ನೋಡಿ ನನಗೇ ಪಾಪ ಅನ್ನಿಸಿತು. ಕೊನೆಗೆ ನಿಂತದ್ದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತ ಹೊತ್ತು. ಬೆಳಗಿನ ಸಾಮಾನು ಶೆಲ್ಫಿಗೆ ಏರಿರುತ್ತದೆ, ಸಂಜೆಯ ಜನ ಇನ್ನೂ ಹೊರಟಿರುವುದಿಲ್ಲ. ಆದರೆ ಹೊಟ್ಟೆ ತುಂಬಿಸಿಕೊಂಡು ಹೋಗಬೇಕು. ಹಸಿದು ಹೋದ ಮೊದಲ ದಿನ ಏನೇನು ತಂದೆ ಅಂತ ಹೇಳಲು ನಾಚಿಕೆ.

ಭಾರದ ಸಾಮಾನು, ಕೆಡದೆ ಉಳಿಯುವ ಸಾಮಾನು ಎಲ್ಲ ತಿಂಗಳಿಗೊಮ್ಮೆ, ವಾರದ ದಿನ. ಹಾಗಾಗಿ ಶನಿವಾರಕ್ಕೆ ಉಳಿಯುವುದು ಒಂದೇ ಚೀಲ.

ಯಾವ ಸಾಲಿನಲ್ಲಿ ನಿಲ್ಲಬೇಕು ಅನ್ನುವುದರ ಬಗ್ಗೆ ಪ್ರತಿಯೊಬ್ಬರಿಗೂ ಒಂದೊಂದು ನಂಬಿಕೆ. ನನ್ನದು ಹೇಳುತ್ತೇನೆ. ಸಾಮಾನು ಎಣಿಸಬೇಡಿ, ಜನರನ್ನು ಎಣಿಸಿ. ಯಂತ್ರದ ಮುಂದೆ ವಸ್ತು ಹಾಯಿಸಲು ಎರಡು ಮೂರು ಸೆಕೆಂಡು ಸಾಕು. ಹೊತ್ತು ಹೋಗುವುದು ಚೀಲ ಬೇಕಾ ಅಂತ ಕೇಳುವುದಕ್ಕೆ, ಫೋನ್ ನಂಬರ್ ಹೇಳುವುದಕ್ಕೆ, ಕಾರ್ಡ್ ಹುಡುಕುವುದಕ್ಕೆ, ಚಿಲ್ಲರೆ ಎಣಿಸುವುದಕ್ಕೆ. ಎರಡು ವಸ್ತು ಕೊಂಡರೂ ಇದೆಲ್ಲ ಆಗಲೇಬೇಕು, ನಲವತ್ತು ಕೊಂಡರೂ ಅಷ್ಟೇ. ಅದಕ್ಕೇ "ಹತ್ತು ವಸ್ತುಗಳ ಒಳಗೆ" ಅಂತ ಬೋರ್ಡ್ ಹಾಕಿದ ಕೌಂಟರಿನ ಮುಂದೆ ಒಂಬತ್ತು ಜನ ಇದ್ದರೆ, ಪಕ್ಕದಲ್ಲಿ ತುಂಬಿದ ಟ್ರಾಲಿಯ ಇಬ್ಬರ ಹಿಂದೆ ನಿಲ್ಲುವುದೇ ಒಳ್ಳೆಯದು. ಬಿಲ್ ಹಾಕುವವರ ಪಕ್ಕ ಚೀಲಕ್ಕೆ ತುಂಬಲು ಇನ್ನೊಬ್ಬರಿದ್ದರೆ ಕಣ್ಣು ಮುಚ್ಚಿ ಆ ಸಾಲಿಗೆ ಹೋಗುತ್ತೇನೆ. ತೂಕದ ಚೀಟಿ ಇಲ್ಲದ ತರಕಾರಿ ಚೀಲ ಮುಂದಿನವರ ಟ್ರಾಲಿಯಲ್ಲಿ ಕಂಡರೆ ಆ ಸಾಲು ಬಿಡುತ್ತೇನೆ.

ಇಷ್ಟು ಮಾಡಿದರೂ ಪಕ್ಕದ ಸಾಲು ಬೇಗ ಸಾಗುತ್ತದೆ. ಮೊದಲು ಇದನ್ನು ನನ್ನ ಹಣೆಬರಹ ಅಂದುಕೊಂಡಿದ್ದೆ. ಮೂರು ಸಾಲು ಇದ್ದು, ಎಲ್ಲ ಒಂದೇ ಥರ ಇದ್ದರೆ, ನನ್ನದೇ ಎಲ್ಲಕ್ಕಿಂತ ಬೇಗ ಸಾಗುವುದು ಮೂರು ಸಲಕ್ಕೆ ಒಂದು ಸಲ. ಉಳಿದ ಎರಡು ಸಲ ಪಕ್ಕದವರ್‍ಯಾರೋ ಮುಂದೆ ಹೋಗಲೇಬೇಕು. ನಾವು ಬೇಗ ಹೊರಗೆ ಬಂದ ದಿನ ಮನೆಗೆ ಹೋಗಿ ಅದನ್ನು ಯಾರಿಗೂ ಹೇಳುವುದಿಲ್ಲ, ಅಷ್ಟೇ.

ಇದಕ್ಕೆ ಮದ್ದು ಒಂದೇ ಸಾಲು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಯಾವ ಕೌಂಟರ್ ಖಾಲಿಯಾಗುತ್ತದೋ ಅಲ್ಲಿಗೆ ಮುಂದಿನವರು ಹೋಗುವುದು. ಯಾರೋ ಒಬ್ಬರು ಒಳಗೆ ಓಡಿದರೂ ಆ ಒಂದು ಕೌಂಟರ್ ಮಾತ್ರ ನಿಲ್ಲುತ್ತದೆ, ಅವರ ಹಿಂದಿನವರ ಹಣೆಬರಹ ಕೆಡುವುದಿಲ್ಲ. ಹಿಂದೆ ಬಂದವರು ಮುಂದೆ ಹೋದರು ಅನ್ನುವ ಉರಿಯೂ ಇಲ್ಲ. ಮ್ಯಾನೇಜರಿಗೆ ಹೇಳಿ ನೋಡಿದೆ. "ಒಂದೇ ಸಾಲು ಮಾಡಿದ್ರೆ ಅದು ತರಕಾರಿ ತನಕ ಹೋಗುತ್ತೆ ಸರ್, ಆಮೇಲೆ ತರಕಾರಿ ತಗೊಳ್ಳೋರು ಎಲ್ಲಿ ನಿಲ್ಲೋದು?" ಅಂದರು. ಉದ್ದನೆಯ ಸಾಲು ಕಂಡರೆ ಜನ ಬಾಗಿಲಿಂದಲೇ ವಾಪಸು ಹೋಗುತ್ತಾರೆ ಅಂತಲೂ ಸೇರಿಸಿದರು. ಮೊದಲನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೆಯದು ನನಗೆ ಈಗಲೂ ಒಪ್ಪಿಗೆ ಇಲ್ಲ. ಒಂದೇ ಸಾಲು ಉದ್ದ ಕಾಣುತ್ತದೆ, ಆದರೆ ಸರಸರ ಸಾಗುತ್ತದೆ.

ಎಷ್ಟು ಹೊತ್ತು ಕಾಯಬೇಕು ಅಂತ ಮೊದಲೇ ಗೊತ್ತಿದ್ದರೆ ಅರ್ಧ ಸಿಟ್ಟು ಇಳಿಯುತ್ತದೆ. ಅದಕ್ಕೂ ಲೆಕ್ಕ ಇದೆ, 1961ರಲ್ಲಿ ಜಾನ್ ಲಿಟ್ಲ್ ಎಂಬಾತ ಸಾಧಿಸಿ ತೋರಿಸಿದ್ದು. ಮುಂದೆ ಎಷ್ಟು ಜನ ಇದ್ದಾರೆ ಎಣಿಸಿ, ನಿಮಿಷಕ್ಕೆ ಎಷ್ಟು ಜನ ಹೊರಗೆ ಹೋಗುತ್ತಾರೆ ನೋಡಿ, ಭಾಗಿಸಿ. ಹನ್ನೆರಡು ಜನ, ನಿಮಿಷಕ್ಕೆ ಇಬ್ಬರು, ಅಂದರೆ ಹೆಚ್ಚು ಕಡಿಮೆ ಆರು ನಿಮಿಷ. ಆರು ನಿಮಿಷ ಅಂತ ಗೊತ್ತಾದರೆ ಅಣ್ಣನಿಗೆ ಒಂದು ಫೋನ್ ಮಾಡಿ ಮುಗಿಸುತ್ತೇನೆ.

ಕೌಂಟರಿನಲ್ಲಿ ನನ್ನ ಕೆಲಸವೂ ಸ್ವಲ್ಪ ಇದೆ. ಭಾರದ್ದು ಮೊದಲು, ಮೆತ್ತಗಿನದು ಆಮೇಲೆ, ತಣ್ಣಗಿನದು ಎಲ್ಲ ಒಂದೇ ಕಡೆ. ಬಾರ್‌ಕೋಡ್ ಕಾಣುವ ಹಾಗೆ ತಿರುಗಿಸಿ ಇಡುತ್ತೇನೆ. 1974ರ ಜೂನ್ 26ರಂದು ಅಮೆರಿಕದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಮೊದಲ ಸಲ ಈ ಗೆರೆಗಳನ್ನು ಯಂತ್ರ ಓದಿ ಬಿಲ್ ಆಯಿತು. ಆ ಮೊದಲ ವಸ್ತು ಚ್ಯೂಯಿಂಗ್ ಗಮ್ಮಿನ ಒಂದು ಪ್ಯಾಕು. ಯಂತ್ರ ಓದದೆ ಹೋದಾಗ ಅವರು ಕೆಳಗಿನ ಅಂಕಿಗಳನ್ನು ಬೆರಳಲ್ಲಿ ಒತ್ತುತ್ತಾರೆ ನೋಡಿ, ಸಾಮಾನ್ಯವಾಗಿ 13 ಇರುತ್ತವೆ. ಕೊನೆಯ ಅಂಕಿ ಬರೀ ಕಾವಲಿಗೆ. ಮೊದಲ ಹನ್ನೆರಡರಿಂದ ಲೆಕ್ಕ ಹಾಕಿ ಬಂದದ್ದು ಅದು. ಒಂದು ಅಂಕಿ ತಪ್ಪು ಒತ್ತಿದರೂ ಲೆಕ್ಕ ತಾಳೆಯಾಗುವುದಿಲ್ಲ, ಯಂತ್ರ ಕೀಂ ಅನ್ನುತ್ತದೆ. ಮುದುಡಿದ ಪೊಟ್ಟಣ, ಒದ್ದೆಯಾದ ಚೀಟಿ ಇದ್ದರೆ ಶೆಲ್ಫಿನಲ್ಲೇ ಬಿಟ್ಟು ಬೇರೆಯದು ಎತ್ತಿಕೊಂಡರೆ ಈ ಕೀಂ ತಪ್ಪುತ್ತದೆ.

ವಸ್ತು ಯಾವುದು ಅಂತ ಯಂತ್ರ ತಪ್ಪುವುದು ಅಪರೂಪ. ತಪ್ಪುವುದು ದರದಲ್ಲಿ. ಗೆರೆಗಳಲ್ಲಿ ದರ ಇರುವುದಿಲ್ಲ, ಅಂಕಿ ಮಾತ್ರ ಇರುತ್ತದೆ. ದರ ಇರುವುದು ಅಂಗಡಿಯ ಕಂಪ್ಯೂಟರಿನಲ್ಲಿ. ಶೆಲ್ಫಿನ ಚೀಟಿಯನ್ನು ಕೈಯಲ್ಲಿ ಬದಲಾಯಿಸಬೇಕು. ವಾರಾಂತ್ಯದ ರಿಯಾಯಿತಿ ಶುರುವಾಗುವ ದಿನ, ಮುಗಿಯುವ ದಿನ, ಈ ಎರಡೂ ಒಂದೇ ಗಳಿಗೆಯಲ್ಲಿ ಬದಲಾಗುವುದಿಲ್ಲ. ನಾನು ಎರಡು ಸಲ ಹೀಗೆ ಸಿಕ್ಕಿಬಿದ್ದೆ. ಚೀಟಿಯಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು. ಕೇಳಿದರೆ "ಅಲ್ಲಿ ವಿಚಾರಿಸಿ" ಅಂತ ಇನ್ನೊಂದು ಮೇಜು ತೋರಿಸಿದರು. ಅಲ್ಲೂ ಒಂದು ಸಾಲು. ಉಳಿಯುವ ಹಣಕ್ಕಿಂತ ನಿಲ್ಲುವ ಹೊತ್ತು ದುಬಾರಿ ಅಂತ ಮೊದಲ ಸಲ ಬಿಟ್ಟು ಬಂದೆ. ಎರಡನೆಯ ಸಲ ಹಟ ಹಿಡಿದೆ. ಈಗ ರಿಯಾಯಿತಿ ಅಂತ ಬರೆದದ್ದನ್ನು ಎತ್ತಿಕೊಳ್ಳುವಾಗ ಚೀಟಿಯ ಫೋಟೊ ತೆಗೆಯುತ್ತೇನೆ, ಆ ವಸ್ತುವನ್ನು ಎಲ್ಲಕ್ಕಿಂತ ಮೊದಲು ಬಿಲ್ಲಿಗೆ ಇಡುತ್ತೇನೆ. ಪರದೆಯಲ್ಲಿ ದರ ಬೇರೆ ಬಂದರೆ ಅಲ್ಲೇ ಹೇಳಬಹುದು. ಹಣ ಕೊಟ್ಟ ಮೇಲೆ ಕೇಳುವುದಕ್ಕೂ ಮೊದಲೇ ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ದಿನಾಂಕ ನೋಡುವ ವಿಷಯ ಎಲ್ಲರಿಗೂ ಗೊತ್ತಿದೆ. ಹೊಸ ಮಾಲು ಹಿಂದೆ, ಹಳೆಯದು ಮುಂದೆ. ಒಂದೇ ಮಾತು ಸೇರಿಸುತ್ತೇನೆ. ನಾಳೆಯೇ ಬಳಸುವುದಾದರೆ ನಾನು ಮುಂದಿನದನ್ನೇ ಎತ್ತಿಕೊಳ್ಳುತ್ತೇನೆ. ತೋಳು ಹಿಂದಕ್ಕೆ ತೂರಿಸಿ ಹತ್ತು ಪ್ಯಾಕೆಟ್ ಉರುಳಿಸುವ ಸರ್ಕಸ್ಸು ತಪ್ಪುತ್ತದೆ.

ತಣ್ಣಗಿನದರ ಬಗ್ಗೆ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಹಾಲು, ಮೊಸರು, ಹೆಪ್ಪುಗಟ್ಟಿಸಿದ್ದು ಯಾವುದೇ ಇರಲಿ, ಕಟ್ಟಕಡೆಗೆ ಎತ್ತಿಕೊಳ್ಳಬೇಕು. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ಒಳಗೆ ಕೀಟಾಣುಗಳು ಚೆನ್ನಾಗಿ ಬೆಳೆಯುತ್ತವೆ. ಬೇಗ ಕೆಡುವ ಆಹಾರ ಒಟ್ಟು ಎರಡು ಗಂಟೆಗಿಂತ ಜಾಸ್ತಿ ಹೊರಗಿರಬಾರದು, ಬಿಸಿಲು ಜೋರಾಗಿದ್ದರೆ ಒಂದೇ ಗಂಟೆ. ನನ್ನ ಹಳೆಯ ಶನಿವಾರಗಳಲ್ಲಿ ಹಾಲು ಒಂದು ಗಂಟೆ ಟ್ರಾಲಿಯಲ್ಲೇ ಅಂಗಡಿ ಸುತ್ತಿದೆ. "ಈ ಹಾಲು ಯಾಕೋ ಬೇಗ ಒಡೆಯುತ್ತಪ್ಪ" ಅಂತ ಅಮ್ಮ ಎಷ್ಟು ಸಲ ಅಂದಿದ್ದಾರೋ. ನಾನು ಹಾಲಿನವರನ್ನು ಬೈಯುತ್ತಿದ್ದೆ.

ಹೀಗೆಲ್ಲ ಮಾಡಿ ಒಂದೂಮುಕ್ಕಾಲು ಗಂಟೆಯ ಕೆಲಸ ಮೂವತ್ತೈದು ನಿಮಿಷಕ್ಕೆ ಬಂದಿದೆ. ಟ್ರಾಲಿಯ ಎಡಚಕ್ರಕ್ಕೆ ಮಾತ್ರ ಯಾವ ಉಪಾಯವೂ ನಾಟಿಲ್ಲ. ಸಾಲಿನಲ್ಲಿ ಬೆನ್ನಿಗೆ ತಾಕುವಷ್ಟು ಹತ್ತಿರ ಬಂದು ನಿಲ್ಲುವವರಿಗೂ ಮದ್ದಿಲ್ಲ. ಟ್ರಾಲಿಯನ್ನು ನನ್ನ ಹಿಂದೆ ಇಟ್ಟುಕೊಂಡು ನಿಲ್ಲುತ್ತೇನೆ, ಅಷ್ಟರಮಟ್ಟಿಗೆ ಉಸಿರಾಡಬಹುದು.

ಕಳೆದ ತಿಂಗಳು ನನಗೆ ಜ್ವರ. ಅಮ್ಮ ಶನಿವಾರ ಸಂಜೆ ಆರು ಗಂಟೆಗೆ, ಜನ ಕಿಕ್ಕಿರಿದ ಹೊತ್ತಿಗೇ, ಚೀಲ ಹಿಡಿದು ಹೊರಟರು. ಬೇಡ, ನಾಳೆ ಮಧ್ಯಾಹ್ನ ಹೋಗಿ ಅಂದೆ. ಪಟ್ಟಿಯಾದರೂ ತೊಗೊಳ್ಳಿ ಅಂದೆ. "ಅದರಲ್ಲಿ ಏನು ಬರೆದಿದ್ದೀಯೋ, ನನಗೆ ಕಣ್ಣು ಕಾಣಲ್ಲ" ಅಂತ ಹೊರಟೇಬಿಟ್ಟರು. ಐವತ್ತು ನಿಮಿಷಕ್ಕೆ ವಾಪಸು ಬಂದರು. ಏನೂ ಬಿಟ್ಟಿರಲಿಲ್ಲ. ಉಪ್ಪು ಎರಡು ಪ್ಯಾಕೆಟ್ ಇತ್ತು. ಹೇಗೆ ಅಂತ ಕೇಳಿದೆ. ಶೆಲ್ಫ್ ತುಂಬುವ ಹುಡುಗನಿಗೆ ಬೇಕಾದ್ದು ಹೇಳಿ, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರಂತೆ. ಅವನೇ ಎಲ್ಲ ತಂದು ಬುಟ್ಟಿಗೆ ಹಾಕಿದನಂತೆ.

ಜ್ವರ ಬಿಟ್ಟ ಮೇಲಿನ ಶನಿವಾರ ಅಮ್ಮನ ಜೊತೆಗೇ ಹೋದೆ. ಕೌಂಟರಿನ ಹುಡುಗಿ ಅಮ್ಮನನ್ನು ಕಂಡು, ಮಂಡಿ ನೋವು ಹೇಗಿದೆ ಅಂತ ವಿಚಾರಿಸಿದಳು. ಆಮೇಲೆ ಬಾರ್‌ಕೋಡ್ ಮೇಲೆ ಮಾಡಿ ಸಾಮಾನು ಜೋಡಿಸುತ್ತಿದ್ದ ನನ್ನ ಕಡೆ ತಿರುಗಿದಳು.

"ಇವರು ನಿಮ್ಮ ಮಗನಾ ಅಮ್ಮಾ? ಒಂದು ಸಲಾನೂ ಅಂಗಡಿ ಕಡೆ ನೋಡಿಲ್ವಲ್ಲ."